ಮನೆಗೆ ಐಸ್ ಮಷೀನ್ ತರುವ ಮುಂಚೆ: ಮಲೆನಾಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಅಮ್ಮನ ಎಡ ಮಂಡಿ ಬದಲಿಸಿದ್ದು ಮೇ ಕೊನೆಗೆ. ಆಪರೇಷನ್ ಶಿವಮೊಗ್ಗದಲ್ಲಿ, ಮನೆ ತೀರ್ಥಹಳ್ಳಿ ದಾಟಿ ಆಗುಂಬೆ ರಸ್ತೆಯಿಂದ ಒಳಗೆ, ತೋಟದ ಪಕ್ಕ. ಮನೆಗೆ ಕರೆದುಕೊಂಡು ಬಂದು ಎರಡು ವಾರ ಆಗುವಷ್ಟರಲ್ಲಿ ಮಳೆ ಹಿಡಿಯಿತು, ಕರೆಂಟ್ ಹೋಯಿತು, ಕಾಲಿನ ಊತ ಮಾತ್ರ ಎಲ್ಲೂ ಹೋಗಲಿಲ್ಲ. ಆಗ ಓದಿ, ಕೇಳಿ, ಒಂದು ಸಲ ದುಡ್ಡು ಕಳೆದುಕೊಂಡು ಕಲಿತದ್ದು ಇದೆಲ್ಲ. ಈಗ ಸುತ್ತಮುತ್ತ ಯಾರಿಗೆ ಮಂಡಿ, ಭುಜದ ಆಪರೇಷನ್ ಆದರೂ ನನಗೆ ಫೋನ್ ಬರುತ್ತದೆ, ಅವೇ ಪ್ರಶ್ನೆಗಳು. ಅದಕ್ಕೆ ಒಂದೇ ಸಲ ಬರೆದಿಟ್ಟಿದ್ದೇನೆ. ನಾನು ಡಾಕ್ಟರ್ ಅಲ್ಲ. ನಿಮ್ಮ ಸರ್ಜನ್ ಅಥವಾ ಫಿಸಿಯೋ ಬೇರೆ ಏನಾದರೂ ಹೇಳಿದ್ದರೆ ಅವರ ಮಾತೇ ಕೇಳಿ.

ಐಸ್ ಮಷೀನ್ ಅಂದರೆ ಏನು? ಐಸ್ ಅದೇ ಮಾಡುತ್ತದಾ?

ಇಲ್ಲ. ಹೆಸರು ಕೇಳಿ ಎಲ್ಲರೂ ಮೋಸ ಹೋಗುವುದು ಇಲ್ಲೇ. ಇದು ಗಟ್ಟಿ ಮುಚ್ಚಳ ಇರುವ, ಬಿಸಿ ಒಳಗೆ ಬಿಡದ ಒಂದು ಬಕೆಟ್. ಒಳಗೆ ಮೀನಿನ ತೊಟ್ಟಿಯಲ್ಲಿ ಇರುತ್ತದಲ್ಲ, ಅಂಥ ಪುಟ್ಟ ಪಂಪ್. ಅದರಿಂದ ಒಂದು ಪೈಪ್, ಪೈಪ್‌ನ ತುದಿಯಲ್ಲಿ ಮಂಡಿಗೆ ಸುತ್ತುವ ಪ್ಯಾಡ್. ಐಸ್ ಮತ್ತು ನೀರು ನಾವೇ ತುಂಬಬೇಕು. ಪಂಪ್ ಆ ತಣ್ಣನೆ ನೀರನ್ನು ಪ್ಯಾಡ್‌ಗೆ ಕಳಿಸಿ ವಾಪಸ್ ಬಕೆಟ್‌ಗೆ ತರುತ್ತದೆ, ಅಷ್ಟೇ ಅದರ ಕೆಲಸ.

ಬೇಕೇ ಬೇಕಾ?

ಬೇಕೇ ಬೇಕು ಅಂತ ಏನೂ ಇಲ್ಲ. ಮಾರುವವರು ಈ ಮಾತು ಹೇಳುವುದಿಲ್ಲ, ನಾನು ಹೇಳುತ್ತೇನೆ. ಮಂಡಿ ಬದಲಿಸಿದವರ ಮೇಲೆ ನಡೆದ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಕೊಕ್ರೇನ್ ಪರಿಶೀಲನೆ 2012ರಲ್ಲಿ ಬಂತು. ಕೊಕ್ರೇನ್ ಅಂದರೆ ಚಿಕಿತ್ಸೆಗಳ ಮೇಲಿನ ಅಧ್ಯಯನಗಳನ್ನು ಹೀಗೆ ತೂಗಿ ನೋಡುವ ಅಂತರರಾಷ್ಟ್ರೀಯ ಸಂಸ್ಥೆ. ತಂಪು ಇಡುವುದರಿಂದ ನೋವಿನಲ್ಲಿ, ಮಂಡಿ ಬಗ್ಗುವುದರಲ್ಲಿ ಸಿಗುವ ಲಾಭ ತೀರಾ ಸಣ್ಣದು, ಆಧಾರವೂ ಅಷ್ಟು ಗಟ್ಟಿಯಿಲ್ಲ ಅಂತ ಅದರಲ್ಲಿ ಇತ್ತು. ಅಮೆರಿಕದ ಮೂಳೆ ಡಾಕ್ಟರ್‌ಗಳ ಸಂಘ 2015ರಲ್ಲಿ ಇನ್ನೂ ನೇರವಾಗಿ, ಮಂಡಿ ಬದಲಿಸಿದ ಮೇಲೆ ಈ ಮಷೀನ್‌ಗಳಿಂದ ಫಲಿತಾಂಶ ಸುಧಾರಿಸುವುದಿಲ್ಲ ಅಂದಿತು.

ಹಾಗಾದರೆ ನೀವು ಯಾಕೆ ತಗೊಂಡಿರಿ ಅಂತ ಕೇಳ್ತೀರಿ, ಅಲ್ವಾ? ಯಾಕೆಂದರೆ ರಾತ್ರಿ ಎರಡು ಗಂಟೆಗೆ ಅಮ್ಮ ನರಳುವಾಗ ಕೈಗೆ ಸಿಗುವುದು ಒಂದು ಬೇಕಿತ್ತು. ಮಂಡಿ ಬೇಗ ವಾಸಿಯಾಗುತ್ತದೆ ಅಂತ ತಗೊಳ್ಳಬೇಡಿ. ನೋವು ಸ್ವಲ್ಪ ಹೊತ್ತು ಮರೆಯುತ್ತದೆ, ವ್ಯಾಯಾಮ ಮಾಡಿದ ಮೇಲೆ ಹಾಯೆನಿಸುತ್ತದೆ, ಪದೇ ಪದೇ ಐಸ್ ಕಟ್ಟುವ ಕೆಲಸ ತಪ್ಪುತ್ತದೆ. ಅಷ್ಟಕ್ಕೆ ದುಡ್ಡು ಕೊಡಬಹುದು ಅನಿಸಿದರೆ ಕೊಡಿ.

ಮೆಡಿಕಲ್ ಶಾಪ್‌ನಲ್ಲಿ ಸಿಗುವ ಜೆಲ್ ಪ್ಯಾಕ್ ಸಾಕಾಗಲ್ವಾ?

ಬಹಳ ಜನಕ್ಕೆ ಸಾಕು. ಎರಡು ತಗೊಳ್ಳಿ, ಒಂದು ಕಾಲಿನ ಮೇಲೆ ಇದ್ದಾಗ ಇನ್ನೊಂದು ಫ್ರೀಜರ್‌ನಲ್ಲಿ. ಕೆಲವು ನೂರು ರೂಪಾಯಿಯಲ್ಲಿ ಮುಗಿಯುತ್ತದೆ.

ಒಂದು ಎಚ್ಚರ ಮಾತ್ರ. ಕರಗುತ್ತಿರುವ ಐಸ್ ಸೊನ್ನೆ ಡಿಗ್ರಿಯಲ್ಲೇ ನಿಲ್ಲುತ್ತದೆ. ಜೆಲ್ ಪ್ಯಾಕ್ ಹಾಗಲ್ಲ. ಫ್ರೀಜರ್ ಮೈನಸ್ 18 ಡಿಗ್ರಿ ಇದ್ದರೆ ಅದೂ ಮೈನಸ್ 18ರಲ್ಲೇ ಹೊರಗೆ ಬರುತ್ತದೆ, ಮೆತ್ತಗೆ ಇರುವುದರಿಂದ ಅಷ್ಟು ತಣ್ಣಗಿದೆ ಅಂತ ಕೈಗೆ ಗೊತ್ತಾಗುವುದಿಲ್ಲ. ಬರೀ ಚರ್ಮದ ಮೇಲೆ ಇಟ್ಟರೆ ಬೆಂಕಿಯಲ್ಲಿ ಸುಟ್ಟ ಹಾಗೇ ಬೊಬ್ಬೆ ಏಳಬಹುದು. ಹತ್ತಿ ಟವೆಲ್‌ನಲ್ಲಿ ಸುತ್ತಿಯೇ ಇಡಿ.

ಇದೇ ಕಾರಣಕ್ಕೆ ಮಷೀನ್ ಬಕೆಟ್‌ಗೆ ಉಪ್ಪು ಹಾಕಬೇಡಿ. ಹೆಚ್ಚು ಹೊತ್ತು ತಣ್ಣಗಿರಲಿ ಅಂತ ನಮ್ಮ ಅಪ್ಪಯ್ಯ ಒಂದು ಹಿಡಿ ಕಲ್ಲುಪ್ಪು ಹಿಡಿದುಕೊಂಡು ಬಂದಿದ್ದರು! ಐಸ್‌ಗೆ ಉಪ್ಪು ಸೇರಿದರೆ ಮೈನಸ್ 21ರವರೆಗೂ ಇಳಿಯಬಲ್ಲದು. ಕೈಯಲ್ಲಿ ತಿರುಗಿಸಿ ಐಸ್‌ಕ್ರೀಂ ಮಾಡುವುದು ಹಾಗೇ.

ಎಷ್ಟು ಬಗೆ ಇವೆ?

ನಮಗೆ ಲೆಕ್ಕಕ್ಕೆ ಬರುವುದು ನಾಲ್ಕು. ಮೊದಲನೆಯದು ಪಂಪ್ ಇಲ್ಲದ್ದು. ಏರ್‌ಕಾಸ್ಟ್‌ನ ಕ್ರಯೋ ಕಫ್ ಈ ಜಾತಿಯದು. ಡಬ್ಬವನ್ನು ಕಾಲಿಗಿಂತ ಮೇಲೆ ಎತ್ತಿ ಹಿಡಿದರೆ ನೀರು ಪ್ಯಾಡ್‌ಗೆ ಇಳಿಯುತ್ತದೆ, ಬಿಸಿಯಾದ ಮೇಲೆ ಡಬ್ಬ ಕೆಳಗಿಟ್ಟರೆ ವಾಪಸ್ ಬರುತ್ತದೆ. ಕರೆಂಟ್ ಬೇಡ, ಕೆಡುವುದಕ್ಕೂ ಏನೂ ಇಲ್ಲ. ಎರಡನೆಯದು ಪಂಪ್ ಇರುವ ಬಕೆಟ್. ಡಾನ್‌ಜಾಯ್‌ನ ಐಸ್‌ಮ್ಯಾನ್, ಬ್ರೆಗ್‌ನ ಪೋಲಾರ್ ಕೇರ್, ಆಸರ್‌ನ ಕೋಲ್ಡ್ ರಶ್ ಎಲ್ಲ ಇದೇ. ಮೂರನೆಯದು ತಂಪಿನ ಜೊತೆ ಗಾಳಿ ತುಂಬಿ ಒತ್ತಡವನ್ನೂ ಕೊಡುವುದು, ಗೇಮ್ ರೆಡಿ ಥರದ್ದು. ಅದು ಆಟಗಾರರಿಗೆ, ಫಿಸಿಯೋ ಸೆಂಟರ್‌ಗಳಿಗೆ. ಬೆಲೆ ಕೇಳಿದರೆ ಇರುವ ಮಂಡಿನೋವು ಮರೆಯುತ್ತದೆ. ನಾಲ್ಕನೆಯದು ಐಸೇ ಬೇಡದ್ದು, ಫ್ರಿಜ್ ಥರ ತಾನೇ ನೀರು ತಂಪು ಮಾಡುತ್ತದೆ. ಚೆಂದ, ಆದರೆ ಕರೆಂಟ್ ಜಾಸ್ತಿ ಎಳೆಯುತ್ತದೆ. ಮಳೆಗಾಲದ ಮಲೆನಾಡಿಗೆ ಅದನ್ನು ತರಬೇಡಿ.

ಪಂಪ್ ಇರುವ ಬಕೆಟ್ ಅಮೆರಿಕದಲ್ಲಿ ಸುಮಾರು 150ರಿಂದ 250 ಡಾಲರ್. ಇಲ್ಲಿಗೆ ತರಿಸಿದರೆ ಅದರ ಮೇಲೆ ಸುಂಕ, ಸಾಗಾಣಿಕೆ. ಹೆಸರಿಲ್ಲದ ಕಂಪನಿಯವೂ ಆನ್‌ಲೈನ್‌ನಲ್ಲಿ ತುಂಬ ಇವೆ. ಕೆಲಸ ಅದೇ. ಪೈಪ್ ಸೇರುವ ಜಾಗ ಸೋರದಿದ್ದರೆ ಸಾಕು.

ಯಾವ ಕಂಪನಿದು ಒಳ್ಳೆಯದು?

ಎಲ್ಲರೂ ಮೊದಲು ಕೇಳುವುದು ಇದನ್ನೇ. ನಾನು ವಾಪಸ್ ಮೂರು ಪ್ರಶ್ನೆ ಕೇಳುತ್ತೇನೆ. ನಿಮ್ಮ ಮನೆಯಲ್ಲಿ ಕರೆಂಟ್ ಎಷ್ಟು ಹೊತ್ತು ಇರುತ್ತದೆ? ಫ್ರೀಜರ್ ಎಷ್ಟು ದೊಡ್ಡದು? ಬಕೆಟ್ ಎತ್ತುವವರು ಯಾರು? ನೀರು, ಐಸ್ ಸೇರಿದರೆ ಏಳೆಂಟು ಕಿಲೋ ಸುಲಭವಾಗಿ ಆಗುತ್ತದೆ. ಮನೆಯಲ್ಲಿ ಇಬ್ಬರೇ ವಯಸ್ಸಾದವರು, ಮಕ್ಕಳೆಲ್ಲ ಬೆಂಗಳೂರಿನಲ್ಲಿ ಅಂದರೆ ದೊಡ್ಡ ಬಕೆಟ್ ತಂದು ಪ್ರಯೋಜನವಿಲ್ಲ. ಅದನ್ನು ಎತ್ತಲು ಹೋಗಿ ಇನ್ನೊಬ್ಬರು ಸೊಂಟ ಹಿಡಿದುಕೊಂಡು ಕೂರುತ್ತಾರೆ. ಅಂಥವರಿಗೆ ನಾನು ಜೆಲ್ ಪ್ಯಾಕ್ ಅಂತಲೇ ಹೇಳುವುದು.

ಕರೆಂಟ್ ಹೋದರೆ ಏನು ಗತಿ?

ಜೂನ್‌ನಿಂದ ಆಗಸ್ಟ್ ತನಕ ಗಾಳಿಮಳೆಗೆ ಲೈನ್ ಮೇಲೆ ಮರ ಬಿದ್ದರೆ ಮೆಸ್ಕಾಂನವರು ಬರುವಷ್ಟರಲ್ಲಿ ಒಂದೊಂದು ಸಲ ಎರಡು ದಿನ ಆಗುತ್ತದೆ. ಪಾಪ ಅವರಾದರೂ ಏನು ಮಾಡುತ್ತಾರೆ. ಅದಕ್ಕೆ ಇಲ್ಲಿ ಮಷೀನ್ ಆರಿಸುವಾಗ ಮೊದಲು ನೋಡಬೇಕಾದ್ದು ಇದನ್ನು.

ಪಂಪ್‌ಗೆ ಕರೆಂಟ್ ಬೇಕಾಗುವುದು ತುಂಬ ಕಡಿಮೆ, ಒಂದೆರಡು ಎಲ್‌ಇಡಿ ಬಲ್ಬ್‌ನಷ್ಟು. ಮನೆಯ ಇನ್ವರ್ಟರ್‌ನಲ್ಲಿ ಆರಾಮಾಗಿ ನಡೆಯುತ್ತದೆ. ಇನ್ವರ್ಟರ್ ಇಲ್ಲದಿದ್ದರೆ, ವೈಫೈ ಪೆಟ್ಟಿಗೆಗೆ ಹಾಕುವ ಸಣ್ಣ 12 ವೋಲ್ಟ್ ಯುಪಿಎಸ್ ಇರುತ್ತದಲ್ಲ, ವರ್ಕ್ ಫ್ರಮ್ ಹೋಮ್ ಶುರುವಾದ ಮೇಲೆ ಊರೂರಲ್ಲೂ ಬಂದಿದೆ, ಅದರಲ್ಲೂ ಓಡಿಸಬಹುದು. ಮಷೀನ್‌ನ ಅಡಾಪ್ಟರ್ ಮೇಲೆ 12 ವೋಲ್ಟ್ ಡಿಸಿ ಅಂತ ಇರಬೇಕು, ಆಂಪಿಯರ್ ಸಾಲಬೇಕು, ಪಿನ್ ಮತ್ತು ಪ್ಲಸ್ ಮೈನಸ್ ಸರಿ ಹೊಂದಬೇಕು. ಗೊತ್ತಾಗದಿದ್ದರೆ ಎಲೆಕ್ಟ್ರಿಷಿಯನ್‌ಗೆ ಒಂದು ಸಲ ತೋರಿಸಿ.

ತೊಂದರೆ ಇರುವುದು ಪಂಪ್‌ನಲ್ಲಲ್ಲ, ಫ್ರಿಜ್‌ನಲ್ಲಿ. ಇನ್ವರ್ಟರ್‌ಗೆ ಫ್ರಿಜ್ ಹಾಕಿಸಿಕೊಂಡವರು ಕಡಿಮೆ. ಕರೆಂಟ್ ಇಲ್ಲದಾಗ ಫ್ರೀಜರ್ ಬಾಗಿಲು ಸುಮ್ನೆ ತೆಗೆಯಬೇಡಿ. ತುಂಬಿದ ಫ್ರೀಜರ್ ಖಾಲಿ ಫ್ರೀಜರ್‌ಗಿಂತ ಬಹಳ ಹೊತ್ತು ತಣ್ಣಗಿರುತ್ತದೆ.

ಅಷ್ಟೊಂದು ಐಸ್ ಎಲ್ಲಿಂದ ತರುವುದು?

ಟ್ರೇಯಲ್ಲಿ ಸಣ್ಣ ಸಣ್ಣ ಐಸ್ ಮಾಡುತ್ತಾ ಕೂತರೆ ಮುಗಿಯುವುದಿಲ್ಲ. ಬಾಟಲಿ ದಾರಿ ಹಿಡಿಯಿರಿ. ಅರ್ಧ ಲೀಟರ್‌ನ ಖಾಲಿ ನೀರಿನ ಬಾಟಲಿಗಳಿಗೆ ಮುಕ್ಕಾಲು ನೀರು ತುಂಬಿ ಫ್ರೀಜರ್‌ನಲ್ಲಿಡಿ. ಪೂರ್ತಿ ತುಂಬಬೇಡಿ, ಹೆಪ್ಪುಗಟ್ಟಿದಾಗ ಉಬ್ಬಿ ಒಡೆಯುತ್ತದೆ. ಬಕೆಟ್‌ಗೆ ನಾಲ್ಕು ಬಾಟಲಿ ಇಳಿಸಿ, ಗೆರೆಯವರೆಗೆ ನೀರು ಹಾಕಿ. ಅವು ಕರಗುವಾಗ ಇನ್ನು ನಾಲ್ಕು ಫ್ರೀಜರ್‌ನಲ್ಲಿರಲಿ. ಬಾಟಲಿ ಐಸ್ ನಿಧಾನ ಕರಗುತ್ತದೆ, ಬಕೆಟ್‌ನ ನೀರು ಹೆಚ್ಚಾಗುವುದಿಲ್ಲ, ಪಂಪ್‌ಗೆ ಕಸ ಹೋಗುವುದಿಲ್ಲ. ಕರಗಿದ್ದು ಫ್ರೀಜರ್‌ನಲ್ಲಿ ಮತ್ತೆ ಗಟ್ಟಿಯಾಗಲು ಒಂದು ರಾತ್ರಿ ಬೇಕು ಅಂತ ಲೆಕ್ಕ ಇಟ್ಟುಕೊಳ್ಳಿ.

ಬರೀ ಫ್ರಿಜ್ ನೀರು ಹಾಕಿದರೆ ಸಾಲದಾ ಅಂತ ಕೆಲವರು ಕೇಳುತ್ತಾರೆ. ಸಾಲದು. ಒಂದು ಕಿಲೋ ಐಸ್ ಕರಗುವಾಗ ಹೀರುವ ಶಾಖ ಎಷ್ಟು ಗೊತ್ತಾ? ಅಷ್ಟೇ ತೂಕದ ನೀರನ್ನು ಸೊನ್ನೆಯಿಂದ 80 ಡಿಗ್ರಿಗೆ ಕಾಯಿಸಲು ಬೇಕಾಗುವಷ್ಟು. ಕೆಲಸ ಮಾಡುವುದು ಐಸ್, ನೀರು ಬರೀ ಹೊತ್ತು ಹಾಕುವ ಕೂಲಿ.

ಫ್ರಿಜ್ ಸಣ್ಣದಾದರೆ ಮೀನಿನವರ ಹತ್ತಿರ ಐಸ್ ಸಿಗುತ್ತದೆ. ಗಟ್ಟಿ ಕವರ್‌ಗೆ ಹಾಕಿ, ಬಾಯಿ ಕಟ್ಟಿಯೇ ಬಕೆಟ್‌ಗೆ ಇಳಿಸಿ. ನಮ್ಮ ಮನೆಯಲ್ಲಿ ಮಾತ್ರ ಆ ದಾರಿ ಮುಚ್ಚಿತ್ತು. ನೋವಿಗೆ ಕಿರುಚುತ್ತಿದ್ದ ಅಮ್ಮ ಮೀನಿನ ಐಸ್ ಅಂದ ಕೂಡಲೇ ಎದ್ದು ಕೂತು ಬೇಡ ಅಂದರು.

ಆನ್‌ಲೈನ್‌ನಲ್ಲಿ ತರಿಸುವಾಗ ಏನು ನೋಡಬೇಕು?

ಅಡಾಪ್ಟರ್! ನಾನು ಮೊದಲು ತರಿಸಿದ್ದು ಹೊರದೇಶದ ಮಾಲು. ಬಂದ ಕೂಡಲೇ ಖುಷಿಯಲ್ಲಿ ಪಿನ್ ಬದಲಿಸಿ ಹಾಕಿದೆ, ಟಪ್ ಅಂತು, ವಾಸನೆ ಬಂತು. ಅದು 120 ವೋಲ್ಟ್‌ಗೆ ಮಾತ್ರ ಮಾಡಿದ್ದು, ನಮ್ಮಲ್ಲಿ 230. ಪಿನ್ ಬದಲಿಸುವ ಪ್ಲಗ್ ವೋಲ್ಟೇಜ್ ಬದಲಿಸುವುದಿಲ್ಲ ಅನ್ನುವ ಸಣ್ಣ ವಿಷಯ ಇಷ್ಟು ಓದಿದ ನನಗೆ ಹೊಳೆದಿರಲಿಲ್ಲ. ಮಾರಿದವರು ವಾಪಸ್ ತಗೊಳ್ಳಲಿಲ್ಲ. ಅಡಾಪ್ಟರ್ ಮೇಲೆ 100ರಿಂದ 240 ವೋಲ್ಟ್ ಅಂತ ಇದೆಯಾ ಅಂತ ಫೋಟೋ ತರಿಸಿ ನೋಡಿ ಆಮೇಲೆ ದುಡ್ಡು ಕಳಿಸಿ.

ಎರಡನೆಯದು ಪ್ಯಾಡ್. ಮಂಡಿಯದು ಬೇರೆ, ಭುಜದ್ದು ಬೇರೆ, ಬೆನ್ನಿನದು ಬೇರೆ. ಮಂಡಿ ಪ್ಯಾಡ್ ಭುಜಕ್ಕೆ ಹೇಗೆ ಸುತ್ತಿದರೂ ನಿಲ್ಲುವುದಿಲ್ಲ. ಪ್ಯಾಡ್ ಒಂದನ್ನೇ ಬೇರೆ ಮಾರುತ್ತಾರಾ, ಆ ಪೈಪ್‌ಗೆ ಸೇರುತ್ತದಾ ಕೇಳಿ. ಮೂರನೆಯದು ಪೈಪ್ ಉದ್ದ. ಬಕೆಟ್ ನೆಲದಲ್ಲಿ, ಕಾಲು ಮಂಚದ ಮೇಲೆ ದಿಂಬಿನ ಎತ್ತರದಲ್ಲಿ, ಅಷ್ಟು ದೂರ ಮುಟ್ಟಬೇಕು.

ಹೌದು, ದಿಂಬು ಅಂದಾಗ ನೆನಪಾಯಿತು, ಮಂಡಿ ಬದಲಿಸಿದವರು ದಿಂಬನ್ನು ಮಂಡಿಯ ಕೆಳಗೆ ಇಡಬಾರದು, ಹಿಮ್ಮಡಿಯ ಕೆಳಗೆ ಇಡಬೇಕು. ಮಂಡಿ ಕೆಳಗೆ ಇಟ್ಟರೆ ಹಾಯೆನಿಸುತ್ತದೆ, ಆದರೆ ಕಾಲು ಬಗ್ಗಿದ ಹಾಗೇ ಬಿಗಿಯುತ್ತದೆ. ನಮ್ಮ ಫಿಸಿಯೋ ಬಾಗಿಲಿಂದ ಒಳಗೆ ಬಂದ ಕೂಡಲೇ ಬೈಯುತ್ತಿದ್ದದ್ದು ಇದಕ್ಕೇ.

ಒಂದು ಸಲಕ್ಕೆ ಎಷ್ಟು ಹೊತ್ತು?

15ರಿಂದ 20 ನಿಮಿಷ, ಆಮೇಲೆ ಎರಡು ಗಂಟೆ ಬಿಡುವು. ನಾವು ಹೀಗೆ ಮಾಡಿದೆವು. ಕೆಲವು ಮಷೀನ್‌ನಲ್ಲಿ ಪ್ಯಾಡ್‌ನ ನೀರು ಐಸ್‌ನಷ್ಟು ತಣ್ಣಗಿರುವುದಿಲ್ಲ, ಸುಮಾರು 7ರಿಂದ 13 ಡಿಗ್ರಿ ಇರುತ್ತದೆ, ಹಾಗಾಗಿ ಇನ್ನೂ ಹೆಚ್ಚು ಹೊತ್ತು ಇಡಿ ಅಂತ ಡಾಕ್ಟರ್ ಹೇಳಬಹುದು. ಹೇಳಿದರೆ ಚೀಟಿಯಲ್ಲಿ ಬರೆಸಿಕೊಳ್ಳಿ. ಬಾಯಿಮಾತಿನಲ್ಲಿ ಬಂದದ್ದು ಮನೆ ಮುಟ್ಟುವಷ್ಟರಲ್ಲಿ ಇಪ್ಪತ್ತು ನಿಮಿಷ ಹೋಗಿ ಇಡೀ ರಾತ್ರಿ ಆಗಿರುತ್ತದೆ.

ಪ್ಯಾಡ್ ಕಟ್ಟಿಕೊಂಡೇ ನಿದ್ದೆ ಮಾಡಬಹುದಾ?

ಬೇಡ. ಮಷೀನ್ ಬಿಸಿನೀರು ಚೀಲದ ಹಾಗಲ್ಲ. ಅದು ಹೊತ್ತು ಹೋದ ಹಾಗೆ ತಣ್ಣಗಾಗಿ ಸುಮ್ಮನಾಗುತ್ತದೆ, ಇದು ಬಾಟಲಿ ಕರಗುವವರೆಗೂ ಬಿಡುವುದಿಲ್ಲ. ಅಮೆರಿಕದಲ್ಲಿ ಬಿಡದೆ ಇಟ್ಟುಕೊಂಡು ಚರ್ಮ ಸತ್ತುಹೋಗಿ ಕೋರ್ಟ್‌ಗೆ ಹೋದವರಿದ್ದಾರೆ. ಮಂಡಿಯ ಹೊರಬದಿಯಲ್ಲಿ, ಸ್ವಲ್ಪ ಕೆಳಗೆ ಒಂದು ಗಂಟು ಕೈಗೆ ಸಿಗುತ್ತದೆ, ಅಲ್ಲಿ ಪಾದ ಎತ್ತುವ ನರ ಚರ್ಮಕ್ಕೆ ತೀರಾ ಹತ್ತಿರ ಹಾದುಹೋಗುತ್ತದೆ. ಬಿಗಿಯಾಗಿ ಕಟ್ಟಿ ಬಹಳ ಹೊತ್ತು ತಂಪು ಇಟ್ಟರೆ ಆ ನರಕ್ಕೆ ಪೆಟ್ಟಾಗಿ ಪಾದ ಜೋತುಬೀಳಬಹುದು. ಮೊಬೈಲ್‌ನಲ್ಲಿ ಅಲಾರಂ ಇಡಿ, ರೋಗಿಯದರಲ್ಲಲ್ಲ, ನೋಡಿಕೊಳ್ಳುವವರದರಲ್ಲಿ.

ಆಪರೇಷನ್ ಆದ ದಿನವೇ ಶುರು ಮಾಡಬಹುದಾ?

ಆಸ್ಪತ್ರೆಯವರು ಇಟ್ಟರೆ ಇಡಲಿ, ನೀವಾಗಿ ಇಡಬೇಡಿ. ನೋವು ಗೊತ್ತಾಗದಿರಲಿ ಅಂತ ನರಕ್ಕೆ ಇಂಜೆಕ್ಷನ್ ಕೊಟ್ಟಿರುತ್ತಾರೆ. ಅದು ಇಳಿಯುವವರೆಗೆ ಕಾಲಿಗೆ ಚಳಿಯೂ ಗೊತ್ತಾಗುವುದಿಲ್ಲ, ಉರಿಯೂ ಗೊತ್ತಾಗುವುದಿಲ್ಲ. ಸುಡುತ್ತಿದೆ ಅಂತ ಹೇಳುವವರೇ ಇರುವುದಿಲ್ಲ.

ಯಾರು ಮುಟ್ಟಲೇಬಾರದು?

ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರು, ಕಾಲಿನ ರಕ್ತನಾಳ ಕಟ್ಟಿಕೊಂಡವರು, ತಣ್ಣನೆ ನೀರು ಮುಟ್ಟಿದರೆ ಬೆರಳು ಬಿಳಿಚಿ ನೀಲಿಯಾಗುವವರು, ಚಳಿಗೆ ಮೈಮೇಲೆ ದದ್ದು ಏಳುವವರು. ಇವರು ಡಾಕ್ಟರ್‌ಗೆ ಹೇಳದೆ ಶುರು ಮಾಡಬಾರದು. ನಮ್ಮಲ್ಲಿ ಮಂಡಿ ಆಪರೇಷನ್ ಆಗುವ ವಯಸ್ಸಿನವರಲ್ಲಿ ಸಕ್ಕರೆ ಇಲ್ಲದವರನ್ನು ಹುಡುಕಬೇಕು, ಅದಕ್ಕೆ ಈ ಮಾತು ಹಗುರವಾಗಿ ತಗೊಳ್ಳಬೇಡಿ. ಮರೆವು ಇರುವ ಹಿರಿಯರಿಗೂ ಒಬ್ಬರು ಪಕ್ಕದಲ್ಲೇ ಕೂತಿದ್ದರೆ ಮಾತ್ರ.

ಚರ್ಮಕ್ಕೆ ಏನಾದರೂ ಆಗುತ್ತಿದೆ ಅಂತ ಹೇಗೆ ಗೊತ್ತಾಗುತ್ತದೆ?

ಕಂಪನಿಯವರ ಪುಸ್ತಕದಲ್ಲಿ ಕೆಂಪಾದರೆ ನಿಲ್ಲಿಸಿ ಅಂತ ಇರುತ್ತದೆ. ನಮ್ಮ ಬಣ್ಣದಲ್ಲಿ ಕೆಂಪು ಎಲ್ಲಿ ಕಾಣಬೇಕು? ಬೂದಿ ಬಳಿದ ಹಾಗೆ ಬಿಳಿಚಿದೆಯಾ, ಮುಟ್ಟಿದರೆ ಗಟ್ಟಿಯಾಗಿ ಮೇಣದ ಹಾಗಿದೆಯಾ, ಬೊಬ್ಬೆ ಇದೆಯಾ ನೋಡಿ. ಬೆರಳಿಂದ ಒತ್ತಿ ಬಿಟ್ಟರೆ ಬಣ್ಣ ಬೇಗ ವಾಪಸ್ ಬರಬೇಕು. ಜೋಮು, ಚುಚ್ಚಿದಂಥ ಉರಿ ಇದ್ದರೆ ಪ್ಯಾಡ್ ಬಿಚ್ಚಿ. ಬಿಚ್ಚಿದ ಮೇಲೂ ಹೋಗದಿದ್ದರೆ ಡಾಕ್ಟರ್‌ಗೆ ಫೋನ್ ಮಾಡಿ.

ಥಂಡಿ ಇಟ್ಟರೆ ವಾತ ಹಿಡಿಯುತ್ತದೆ ಅಂತ ಮನೆಯಲ್ಲಿ ಹಿರಿಯರು ಬಿಡುತ್ತಿಲ್ಲ, ಏನು ಮಾಡಲಿ?

ನಮ್ಮಲ್ಲಿ ದೊಡ್ಡಮ್ಮ. ಹೊರಗೆ ಆ ಪಾಟಿ ಮಳೆ, ಒಳಗೆ ಕಾಲಿಗೆ ಐಸ್, ನಿಮಗೇನು ತಲೆ ಕೆಟ್ಟಿದೆಯೇನ್ರೋ ಅಂದರು. ಬಚ್ಚಲೊಲೆಗೆ ಬೆಂಕಿ ಹಾಕಿ ಹಂಡೆ ನೀರು ಕಾಯಿಸಿ ಶಾಖ ಕೊಡಲು ತಯಾರಾಗಿದ್ದರು.

ಅವರ ಮಾತು ಪೂರ್ತಿ ಸುಳ್ಳಲ್ಲ. ಹಳೇ ನೋವು, ಬಿಗಿತ, ಬೆನ್ನು ಹಿಡಿದುಕೊಂಡಿದ್ದು ಇವಕ್ಕೆ ಶಾಖವೇ ಹಿತ. ಆದರೆ ಹೊಸ ಗಾಯಕ್ಕೆ, ಊತ ಇರುವ ಜಾಗಕ್ಕೆ ಬಿಸಿ ಕೊಟ್ಟರೆ ಅಲ್ಲಿಗೆ ರಕ್ತ ಇನ್ನೂ ಹೆಚ್ಚು ಹರಿದು ಊತ ಏರುತ್ತದೆ. ತಂಪು ರಕ್ತನಾಳ ಕುಗ್ಗಿಸುತ್ತದೆ, ನೋವಿನ ಸುದ್ದಿ ಒಯ್ಯುವ ನರವನ್ನು ನಿಧಾನ ಮಾಡುತ್ತದೆ. ಇದನ್ನು ನಾನು ಹೇಳಿದರೆ ದೊಡ್ಡಮ್ಮ ಕೇಳಲಿಲ್ಲ. ಫಿಸಿಯೋಗೆ ಫೋನ್ ಮಾಡಿ ಸ್ಪೀಕರ್‌ಗೆ ಹಾಕಿದೆ, ಕೇಳಿದರು. ಹೊಲಿಗೆ ಮೇಲೆ ಎಣ್ಣೆ ಹಚ್ಚುವುದನ್ನೂ ಅದೇ ಫೋನ್‌ನಲ್ಲಿ ನಿಲ್ಲಿಸಿಕೊಂಡೆ. ಮೈ ನಡುಗುತ್ತಿದ್ದರೆ ಮೈಗೆ ಕಂಬಳಿ ಹೊದಿಸಿ, ಪ್ಯಾಡ್ ಮೇಲೆ ಮಾತ್ರ ಹೊದಿಸಬೇಡಿ.

ಪ್ಯಾಡ್ ಒದ್ದೆಯಾಗುತ್ತದೆ, ಸೋರುತ್ತಿದೆಯಾ?

ಸೋರಿಕೆ ಇರಬಹುದು, ಮೊದಲು ಕಾಲಿಗೆ ಕಟ್ಟದೆ ಹತ್ತು ನಿಮಿಷ ಓಡಿಸಿ ನೋಡಿ. ಆದರೆ ಬಹಳ ಸಲ ಅದು ಗಾಳಿಯ ನೀರು. ನಮ್ಮ ಮಳೆಗಾಲದ ಗಾಳಿಯಲ್ಲಿ ಹಪ್ಪಳವೇ ಮೆತ್ತಗಾಗುತ್ತದೆ, ತಣ್ಣನೆ ಪ್ಯಾಡ್ ಬೆವರದೆ ಇರುತ್ತದಾ? ಬೆವರಿದರೆ ಡ್ರೆಸಿಂಗ್ ಒದ್ದೆಯಾಗುತ್ತದೆ, ಹೊಲಿಗೆ ಬಿಚ್ಚುವ ಮುಂಚೆ ಅದು ಕೆಟ್ಟದ್ದು. ಡ್ರೆಸಿಂಗ್‌ಗೂ ಪ್ಯಾಡ್‌ಗೂ ನಡುವೆ ಒಣ ಹತ್ತಿ ಬಟ್ಟೆ ಹಾಕಿ, ಪ್ರತಿ ಸಲ ಬದಲಿಸಿ. ನಾವು ಅಪ್ಪಯ್ಯನ ಹಳೇ ಪಂಚೆ ಹರಿದು ಎಂಟು ತುಂಡು ಮಾಡಿಕೊಂಡಿದ್ದೆವು. ಮಳೆಯಲ್ಲಿ ಅವನ್ನು ಒಣಗಿಸುವುದೇ ಮಷೀನ್ ನಡೆಸುವುದಕ್ಕಿಂತ ದೊಡ್ಡ ಕೆಲಸ.

ಬೂಷ್ಟು ಬರದ ಹಾಗೆ ಇಡುವುದು ಹೇಗೆ?

ದಿನಾ ರಾತ್ರಿ ನೀರು ಚೆಲ್ಲಿ. ಪ್ಯಾಡ್, ಪೈಪ್‌ನಲ್ಲಿ ನಿಂತ ನೀರನ್ನೂ ಇಳಿಸಿ, ಬಕೆಟ್ ಮುಚ್ಚಳ ತೆರೆದಿಡಿ. ಒಣಗಲಿ ಅಂತ ಬಚ್ಚಲೊಲೆ ಹತ್ತಿರ ಇಡಬೇಡಿ, ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಬಾವಿ ನೀರು ಕೆಂಪಗಿದ್ದರೆ ಸೋಸಿದ ನೀರು ಹಾಕಿ.

ಉಳುಕಿಗೆ, ಜಾರಿ ಬಿದ್ದದ್ದಕ್ಕೆ ತರಬಹುದಾ?

ಪಾಚಿ ಕಟ್ಟಿದ ಅಂಗಳದಲ್ಲಿ ಜಾರುವುದು ಇಲ್ಲಿ ವರ್ಷಕ್ಕೊಮ್ಮೆ ಇದ್ದದ್ದೇ, ಅದಕ್ಕೆಲ್ಲ ಮಷೀನ್ ಬೇಡ. ಮೊದಲ ಒಂದೆರಡು ದಿನ ಟವೆಲ್‌ನಲ್ಲಿ ಐಸ್ ಸಾಕು. ಏಟಿಗೆ ವಿಶ್ರಾಂತಿ, ಐಸ್, ಬಿಗಿ ಪಟ್ಟಿ, ಎತ್ತರ ಅನ್ನುವ ಸೂತ್ರ 1978ರಲ್ಲಿ ಕೊಟ್ಟ ಅಮೆರಿಕದ ಡಾಕ್ಟರ್ ಗೇಬ್ ಮಿರ್ಕಿನ್, ಐಸ್‌ನಿಂದ ವಾಸಿಯಾಗುವುದು ತಡವಾಗಬಹುದು ಅಂತ ಆಮೇಲೆ ತಾವೇ ಬರೆದರು. ನೋವಿಗೆ ಸ್ವಲ್ಪ ಇಡಿ, ವಾರಗಟ್ಟಲೆ ಬೇಡ. ಕಾಲು ಊರಲು ಆಗದಿದ್ದರೆ ಐಸ್ ಇಡುತ್ತಾ ಕೂರದೆ ಎಕ್ಸ್‌ರೇ ತೆಗೆಸಿ.

ಇನ್ಶೂರೆನ್ಸ್‌ನಲ್ಲಿ ದುಡ್ಡು ಬರುತ್ತದಾ?

ಆಸೆ ಇಟ್ಟುಕೊಳ್ಳಬೇಡಿ. ವಿಮಾ ನಿಯಂತ್ರಕ ಐಆರ್‌ಡಿಎಐ ಮಾಡಿರುವ, ಸಾಮಾನ್ಯವಾಗಿ ದುಡ್ಡು ಸಿಗದ ವಸ್ತುಗಳ ಪಟ್ಟಿಯಲ್ಲಿ ಬೆಲ್ಟ್ ಜೊತೆಗೆ ಕೋಲ್ಡ್ ಪ್ಯಾಕ್, ಹಾಟ್ ಪ್ಯಾಕ್ ಕೂಡ ಇವೆ.

ಯಾವಾಗ ಐಸ್ ಬಿಟ್ಟು ಆಸ್ಪತ್ರೆಗೆ ಹೊರಡಬೇಕು?

ಮೀನಖಂಡ ಊದಿ, ಬಿಗಿಯಾಗಿ, ಮುಟ್ಟಿದರೆ ನೋವಾದರೆ ಅದು ರಕ್ತ ಹೆಪ್ಪುಗಟ್ಟಿದ್ದು ಇರಬಹುದು. ಜ್ವರ ಬಂದರೆ, ಹೊಲಿಗೆಯಿಂದ ಕೀವು ಬಂದರೆ, ಪಾದ ಎತ್ತಲು ಆಗದಿದ್ದರೆ ಅವತ್ತೇ ಹೊರಡಿ. ಇದ್ದಕ್ಕಿದ್ದ ಹಾಗೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಒಂದು ಗಳಿಗೆಯೂ ಕಾಯದೆ 108ಕ್ಕೆ ಫೋನ್ ಮಾಡಿ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ 60 ಕಿಲೋಮೀಟರ್ ಮೇಲಿದೆ, ಮಳೆಯಲ್ಲಿ ಇನ್ನೂ ದೂರ ಅನಿಸುತ್ತದೆ. ಬೆಳಗ್ಗೆ ನೋಡೋಣ ಅನ್ನಬೇಡಿ.

ನಿಮ್ಮ ಮಷೀನ್ ಸ್ವಲ್ಪ ದಿನ ಕೊಡ್ತೀರಾ?

ಕೊಡ್ತೇನೆ. ಅಮ್ಮನಿಗೆ ಅದು ಬೇಕಾಗಿದ್ದು ಐದು ವಾರ, ಆಮೇಲೆ ಅಟ್ಟ ಸೇರಿತ್ತು. ಈಗ ಹೊಸನಗರದ ಕಡೆ ಒಬ್ಬರ ಮನೆಯಲ್ಲಿದೆ, ಅವರದು ಭುಜ, ಪ್ಯಾಡ್ ಅವರೇ ತರಿಸಿಕೊಂಡರು. ಅವರಾದ ಮೇಲೆ ಇಬ್ಬರು ಸಾಲಿನಲ್ಲಿದ್ದಾರೆ. ಪ್ಯಾಡ್ ನಿಮ್ಮದೇ ಇರಬೇಕು, ಇನ್ನೊಬ್ಬರ ಗಾಯದ ಮೇಲೆ ಇದ್ದದ್ದನ್ನು ನಿಮ್ಮ ಹೊಲಿಗೆ ಮೇಲೆ ಸುತ್ತಿಕೊಳ್ಳಬೇಡಿ. ಬಾಟಲಿಗಳು ಇನ್ನು ನನ್ನ ಹತ್ತಿರ ಕೇಳಬೇಡಿ. ಎಂಟು ಕೊಟ್ಟಿದ್ದೆ, ಮೂರು ವಾಪಸ್ ಬಂದಿವೆ.